ಎರಡು ರಸೀದಿ: ಫ್ಯಾನಿ ಲೂ ಹೇಮರ್ ಅವರ ಬದುಕು

ಒಂಬತ್ತನೆಯ ತರಗತಿಗೆ ಚುನಾವಣಾ ವ್ಯವಸ್ಥೆಯ ಪಾಠ ಮಾಡುವಾಗ ಸಾರ್ವತ್ರಿಕ ವಯಸ್ಕ ಮತದಾನ ಎಂದು ಕಪ್ಪು ಹಲಗೆಯ ಮೇಲೆ ಬರೆದು, ಅರ್ಥ ಹೇಳಿ, ಮುಂದಿನ ಅಂಶಕ್ಕೆ ಹೋಗಿಬಿಡುವುದು ಸುಲಭ. ಮಕ್ಕಳಿಗೆ ಮತದಾನದ ಹಕ್ಕು ಗಾಳಿ, ಬಿಸಿಲುಗಳಂತೆ ಇದ್ದೇ ಇರುವ ಸಂಗತಿ. ಅದು ಇಲ್ಲದವರ ಬದುಕನ್ನು ತೋರಿಸದೆ ಅದರ ಬೆಲೆ ತಿಳಿಸುವುದು ಹೇಗೆ ಎಂದು ಯೋಚಿಸಿ, ಬೋಧನಾಭ್ಯಾಸದ ಎರಡು ಅವಧಿಗಳನ್ನು ನಾನು ಒಬ್ಬ ಹೆಣ್ಣುಮಗಳ ಜೀವನಕಥೆಗೆ ಮೀಸಲಿಟ್ಟೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫ್ಯಾನಿ ಲೂ ಹೇಮರ್. ಅವರ ಭಾಷಣದ ಮಾತುಗಳು ಲೋಕಪ್ರಸಿದ್ಧ. ಆದರೂ ಮಾತುಗಳನ್ನು ಬದಿಗಿಟ್ಟು ನಡೆದದ್ದನ್ನಷ್ಟೇ ಹೇಳಿದೆ. ಮಾತು ಕೊಟ್ಟರೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ನಡೆದದ್ದನ್ನು ಹೇಳಿದರೆ ಪ್ರಶ್ನೆ ಕೇಳುತ್ತಾರೆ. ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು.

ಫ್ಯಾನಿ ಲೂ ಹುಟ್ಟಿದ್ದು 1917ರ ಅಕ್ಟೋಬರ್ 6ರಂದು. ತಂದೆ ಜಿಮ್ ಟೌನ್‌ಸೆಂಡ್, ತಾಯಿ ಲೂ ಎಲ್ಲಾ. ಇಪ್ಪತ್ತು ಮಕ್ಕಳಲ್ಲಿ ಇವರೇ ಕೊನೆಯವರು. ಎರಡು ವರ್ಷದ ಮಗುವಾಗಿದ್ದಾಗ ಕುಟುಂಬ ಸನ್‌ಫ್ಲವರ್ ಕೌಂಟಿಗೆ ಬಂತು. ಕೌಂಟಿ ಎಂದರೆ ನಮ್ಮ ಜಿಲ್ಲೆಗಿಂತ ಚಿಕ್ಕದಾದ ಆಡಳಿತ ವಿಭಾಗ. ಅದು ಮಿಸಿಸಿಪ್ಪಿ ಡೆಲ್ಟಾ ಎಂಬ ಫಲವತ್ತಾದ ಹತ್ತಿ ಸೀಮೆ. ಜಮೀನು ಬಿಳಿಯರದು, ದುಡಿಮೆ ಕಪ್ಪು ಜನರದು. ನಮ್ಮ ಕಡೆ ಕೋರಿಗೆ ಹೊಲ ಮಾಡುತ್ತಾರಲ್ಲ, ಆ ರೀತಿಯ ಪಾಲು ಬೇಸಾಯ. ಬೀಜ, ಗೊಬ್ಬರ, ಕಾಳು ಕಡಿ ಎಲ್ಲವನ್ನೂ ಧಣಿಯ ಅಂಗಡಿಯಿಂದ ಸಾಲವಾಗಿ ತರಬೇಕು. ಸುಗ್ಗಿಯಾದ ಮೇಲೆ ಲೆಕ್ಕ. ಲೆಕ್ಕ ಬರೆಯುವವನೂ ಧಣಿಯೇ ಆದ್ದರಿಂದ ವರ್ಷದ ಕೊನೆಗೆ ಕೈಗೆ ಬರುವ ರೊಕ್ಕ ಬಹಳ ಕಡಿಮೆ, ಕೆಲವು ವರ್ಷ ಬಾಕಿಯೇ ಉಳಿಯುತ್ತಿತ್ತು.

ಆರು ವರ್ಷದ ಹುಡುಗಿ ರಸ್ತೆ ಬದಿ ಆಡುತ್ತಿದ್ದಾಗ ಧಣಿ ಗಾಡಿ ನಿಲ್ಲಿಸಿ, 30 ಪೌಂಡ್ ಹತ್ತಿ ಬಿಡಿಸಿದರೆ ಅಂಗಡಿಯಿಂದ ಸಿಹಿ ತಿಂಡಿ, ಡಬ್ಬಿಯ ಮೀನು ಕೊಡಿಸುವುದಾಗಿ ಆಸೆ ತೋರಿಸಿದನಂತೆ. 30 ಪೌಂಡ್ ಎಂದರೆ ಸುಮಾರು 14 ಕಿಲೋ. ಹುಡುಗಿ ಬಿಡಿಸಿದಳು, ತಿಂಡಿ ಸಿಕ್ಕಿತು, ಅಲ್ಲಿಂದ ಹೊಲದ ಕೆಲಸ ಬಿಡಲಿಲ್ಲ. ನಾನು ಪಾಠ ಮಾಡಿದ ಶಾಲೆ ಹತ್ತಿ ಬೆಳೆಯುವ ಊರಿನದು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹಾಜರಿ ಪುಸ್ತಕದ ಗೈರುಹಾಜರಿ ಗುರುತುಗಳೇ ಆ ಕತೆ ಹೇಳುತ್ತವೆ. ಹೀಗಾಗಿ ಒಂದು ದಿನಕ್ಕೆ ಎಷ್ಟು ಕಿಲೋ ಬಿಡಿಸಬಹುದು, ಬೆರಳ ತುದಿ ಎಲ್ಲಿ ಸೀಳುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಲಿಲ್ಲ. ಮಕ್ಕಳೇ ನನಗೆ ವಿವರಿಸಿದರು.

ಡೆಲ್ಟಾದಲ್ಲಿ ಕಪ್ಪು ಮಕ್ಕಳ ಶಾಲೆಯೂ ಹತ್ತಿಯ ಪಂಚಾಂಗ ನೋಡಿಯೇ ನಡೆಯುತ್ತಿತ್ತು. ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದ ನಾಲ್ಕು ತಿಂಗಳು ಮಾತ್ರ ಶಾಲೆ. ಹಾಗೆ ಆರನೆಯ ತರಗತಿಯವರೆಗೆ ಓದಿ, 12 ವರ್ಷಕ್ಕೆ ಬಿಟ್ಟರು. ಓದುವುದರಲ್ಲಿ ಚುರುಕು ಎಂದು ಹೆಸರಾಗಿತ್ತು. ಬಾಲ್ಯದಿಂದಲೇ ಒಂದು ಕಾಲು ಕುಂಟು. ಒಂದು ವರ್ಷ ತಂದೆ ಕಷ್ಟಪಟ್ಟು ಸ್ವಂತ ಹೇಸರಗತ್ತೆ, ಹಸು ಕೊಂಡು, ಹೊಲ ಗುತ್ತಿಗೆ ಹಿಡಿದು ಇನ್ನೇನು ತಲೆಯೆತ್ತುವಷ್ಟರಲ್ಲಿ ಯಾರೋ ಮೇವಿನಲ್ಲಿ ವಿಷ ಬೆರೆಸಿ ಪ್ರಾಣಿಗಳನ್ನು ಕೊಂದರು. ಕುಟುಂಬ ಮತ್ತೆ ಪಾಲು ಬೇಸಾಯಕ್ಕೇ ಮರಳಿತು.

1944ರ ಸುಮಾರಿಗೆ ರೂಲ್‌ವಿಲ್ ಊರಿನ ಹತ್ತಿರದ ಜಮೀನೊಂದರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಪೆರ್ರಿ ಹೇಮರ್ ಅವರೊಡನೆ ಸಂಸಾರ ಹೂಡಿದರು. ಓದು ಬರಹ ಬಲ್ಲ ಹೆಂಗಸು ಎಂದು ತಿಳಿದ ಧಣಿ, ಆಳುಗಳ ಹಾಜರಿ ಮತ್ತು ಹತ್ತಿ ತೂಕದ ಲೆಕ್ಕ ಬರೆಯುವ ಕೆಲಸ ಕೊಟ್ಟ. ಧಣಿಯ ತಕ್ಕಡಿಯ ಬೊಟ್ಟು ಮೋಸದ್ದು. ಅವನು ಇಲ್ಲದ ಹೊತ್ತಿನಲ್ಲಿ ಹೇಮರ್ ಸರಿ ತೂಕದ ಬೊಟ್ಟನ್ನು ಹಾಕಿ ತೂಗಿ, ಆಳುಗಳಿಗೆ ನ್ಯಾಯವಾಗಿ ಸಲ್ಲಬೇಕಾದ್ದನ್ನು ಬರೆಯುತ್ತಿದ್ದರು. ಅವರು ರಾಜಕೀಯಕ್ಕೆ ಬಂದದ್ದು 44ನೆಯ ವಯಸ್ಸಿನಲ್ಲಿ ಎಂದು ಪುಸ್ತಕಗಳು ಹೇಳುತ್ತವೆ. ನನಗೇನೋ ಆ ತಕ್ಕಡಿಯ ಬಳಿಯೇ ಅದು ಶುರುವಾಗಿತ್ತು ಅನ್ನಿಸುತ್ತದೆ. 1961ರಲ್ಲಿ ಒಂದು ಸಣ್ಣ ಗೆಡ್ಡೆ ತೆಗೆಸಲು ಆಸ್ಪತ್ರೆಗೆ ಹೋದಾಗ, ಅವರನ್ನು ಕೇಳದೆಯೇ ಗರ್ಭಕೋಶ ತೆಗೆದುಹಾಕಲಾಯಿತು. ಆಗ ಬಡ ಕಪ್ಪು ಹೆಂಗಸರಿಗೆ ಇಂಥದ್ದು ಹೊಸದಾಗಿರಲಿಲ್ಲ. ಇದನ್ನು ನಾನು ತರಗತಿಯಲ್ಲಿ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಇನ್ನು ಮತದ ಸಂಗತಿ. 1962ರ ಆಗಸ್ಟ್‌ನಲ್ಲಿ ರೂಲ್‌ವಿಲ್‌ನ ವಿಲಿಯಮ್ಸ್ ಚಾಪೆಲ್ ಎಂಬ ಚರ್ಚಿನಲ್ಲಿ ವಿದ್ಯಾರ್ಥಿ ಸಂಘಟನೆಯ ಯುವಕರು ಸಭೆ ನಡೆಸಿದರು. ಕಪ್ಪು ಜನರಿಗೂ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುವ ಹಕ್ಕಿದೆ ಎಂಬುದು ಹೇಮರ್ ಅವರಿಗೆ ತಿಳಿದದ್ದು ಆ ರಾತ್ರಿ. ಇದು ತರಗತಿಯಲ್ಲಿ ನಂಬಿಕೆಗೆ ಬಾರದ ಮಾತಾಯಿತು. ಹಕ್ಕು ಇದ್ದು, ಅದು ಇದೆಯೆಂದೇ ಗೊತ್ತಿಲ್ಲದೆ ಇರುವುದು ಹೇಗೆ ಎಂದು ಒಬ್ಬ ಹುಡುಗ ಕೇಳಿದ. ಹಾಗಾಗಿ ಕತೆ ನಿಲ್ಲಿಸಿ 1890ಕ್ಕೆ ಹೋಗಬೇಕಾಯಿತು.

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ ಅಲ್ಲಿನ ಸಂವಿಧಾನಕ್ಕೆ 15ನೆಯ ತಿದ್ದುಪಡಿ ಬಂತು. ಜನಾಂಗ, ಬಣ್ಣದ ಕಾರಣಕ್ಕೆ ಮತದ ಹಕ್ಕು ಕಸಿಯಬಾರದು ಎಂಬುದು ಅದರ ಸಾರ. ಮಿಸಿಸಿಪ್ಪಿಯ ಜನಸಂಖ್ಯೆಯಲ್ಲಿ ಆಗ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ಬಣ್ಣದ ಹೆಸರು ಎತ್ತದೆ ಅವರನ್ನು ಹೊರಗಿಡಬೇಕು. 1890ರಲ್ಲಿ ಬರೆದ ರಾಜ್ಯ ಸಂವಿಧಾನದಲ್ಲಿ ಅದಕ್ಕೆ ಎರಡು ಬೇಲಿ ಹಾಕಿದರು. ಒಂದು ಓದು ಬರಹದ ಪರೀಕ್ಷೆ, ಇನ್ನೊಂದು ಪೋಲ್ ಟ್ಯಾಕ್ಸ್. ಪೋಲ್ ಎಂದರೆ ಮತದಾನ, ಆದ್ದರಿಂದ ಇದು ಮತದಾನದ ತೆರಿಗೆ ಎಂದು ಮಕ್ಕಳು ಮಾತ್ರವಲ್ಲ, ನಾವೂ ಅಂದುಕೊಳ್ಳುತ್ತೇವೆ. ಆ ಪದದ ಹಳೆಯ ಅರ್ಥ ತಲೆ. ಮೊಗಲರ ಪಾಠದಲ್ಲಿ ಜಿಜಿಯಾಕ್ಕೆ ತಲೆಗಂದಾಯ ಎಂದು ಹೇಳಿಕೊಡುತ್ತೇವಲ್ಲ, ಅದೇ ಪದ ಇಲ್ಲಿಯೂ ಒಪ್ಪುತ್ತದೆ. ತಲೆಗಿಷ್ಟು ಎಂದು ಎಲ್ಲರ ಮೇಲೂ ಒಂದೇ ಮೊತ್ತ.

ಮಿಸಿಸಿಪ್ಪಿಯಲ್ಲಿ ತಲೆಗಂದಾಯ ವರ್ಷಕ್ಕೆ 2 ಡಾಲರ್. 21ರಿಂದ 60 ವರ್ಷದವರಿಗೆ ಅನ್ವಯ. ಮತ ಹಾಕಬೇಕಾದರೆ ಎರಡು ವರ್ಷದ್ದನ್ನು ಕಟ್ಟಿರಬೇಕು. ಕಟ್ಟಲು ಗಡುವು ಫೆಬ್ರವರಿ 1. ಚುನಾವಣೆಯ ಬಿಸಿ ಏರುವುದು ಬೇಸಗೆಯಲ್ಲಿ, ಆಗ ಕಟ್ಟುತ್ತೇನೆಂದರೆ ಆಗದು.

ಈ ಕಟ್ಟಳೆಯಲ್ಲಿ ಎರಡು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದವು. ಒಂದು, ಈ ಹಣ ಸಾರ್ವಜನಿಕ ಶಾಲೆಗಳಿಗೇ ಮೀಸಲು ಎಂದು ಬರೆದಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಬಾಗಿಲು ತೆರೆಯುತ್ತಿದ್ದ ಹೇಮರ್ ಅವರ ಶಾಲೆಯನ್ನು ನೆನೆದರೆ ಶಾಲೆಯ ಹೆಸರು ಯಾವುದಕ್ಕೆ ಬಳಕೆಯಾಯಿತು ಎಂಬುದು ತಿಳಿಯುತ್ತದೆ. ಇನ್ನೊಂದು, ತಲೆಗಂದಾಯ ಕಟ್ಟದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ ಎಂದು ಸಂವಿಧಾನದಲ್ಲೇ ಹೇಳಿತ್ತು. ಬಾಕಿಯನ್ನು ಆಸ್ತಿಯ ಮೇಲೆ ಮಾತ್ರ ಹೊರಿಸಬಹುದಿತ್ತು, ಆಸ್ತಿಯೇ ಇಲ್ಲದ ಪಾಲುಗಾರನ ಬಳಿ ವಸೂಲಿಗೆ ಯಾರೂ ಬರುತ್ತಿರಲಿಲ್ಲ. ಕಂದಾಯ ಬಾಕಿ ಎಂದರೆ ನಮ್ಮ ಹಳ್ಳಿಗಳಲ್ಲಿ ನೋಟಿಸು, ಜಪ್ತಿ, ಹರಾಜು ನೆನಪಾಗುತ್ತವೆ. ಇಲ್ಲಿ ಅದಾವುದೂ ಇಲ್ಲ. ಕಟ್ಟದಿದ್ದರೆ ಸುಮ್ಮನೆ ಬಿಡುವ ತೆರಿಗೆ ಇದು. ಸುಮ್ಮನೆ ಬಿಟ್ಟರೆ ಮತ ಹೋಗುತ್ತಿತ್ತು, ತೆರಿಗೆ ಹಾಕಿದವರಿಗೆ ಬೇಕಾದದ್ದೂ ಅದೇ. ಜನ ಕಟ್ಟದಿರಲಿ ಎಂದು ಹಾಕಿದ ತೆರಿಗೆ ಎಂದು ನಾನು ಹಲಗೆಯ ಮೇಲೆ ಬರೆದದ್ದು ಈ ಕಾರಣಕ್ಕೆ.

ಎರಡೇ ಡಾಲರ್ ತಾನೆ, ಕಟ್ಟಿಬಿಡಬಹುದಿತ್ತಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳುವ ಬದಲು ಲೆಕ್ಕ ಮಾಡಿಸುವುದು ಒಳ್ಳೆಯದು. 1960ರ ದಶಕದ ನಡುವಿನಲ್ಲೂ ಡೆಲ್ಟಾದ ಹತ್ತಿ ಹೊಲದಲ್ಲಿ ದಿನವಿಡೀ ಕಳೆ ತೆಗೆದರೆ ಕೂಲಿ 3 ಡಾಲರ್. ಗಂಡ ಹೆಂಡತಿ ಇಬ್ಬರಿಗೂ ಎರಡು ವರ್ಷದ ತಲೆಗಂದಾಯ ಸೇರಿದರೆ 8 ಡಾಲರ್. ಸುಮಾರು ಮೂರು ದಿನದ ಕೂಲಿ, ಅದೂ ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ. ನಮ್ಮೂರಿನ ದಿನಗೂಲಿಯನ್ನು ಹಾಕಿ ಅದೇ ಲೆಕ್ಕವನ್ನು ಮಕ್ಕಳು ಮಾಡಿದರು. ಲೆಕ್ಕ ಮುಗಿದ ಮೇಲೆ ಎರಡೇ ಡಾಲರ್ ಎಂದು ಯಾರೂ ಅನ್ನಲಿಲ್ಲ. ಬಡ ಬಿಳಿಯರೂ ಇದೇ ಬೇಲಿಯಲ್ಲಿ ಸಿಕ್ಕಿಬಿದ್ದರು ಎಂಬುದನ್ನೂ ಹೇಳಬೇಕು. ಜಾರ್ಜಿಯಾ ರಾಜ್ಯದ ತಲೆಗಂದಾಯವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1937ರಲ್ಲಿ ಸೋತವನು ಒಬ್ಬ ಬಿಳಿಯನೇ.

ಹಣ ಇದ್ದರೂ ಕೆಲಸ ಆಗುವ ಭರವಸೆ ಇರಲಿಲ್ಲ. ತಲೆಗಂದಾಯ ಕಟ್ಟಬೇಕಾದದ್ದು ಶೆರಿಫ್ ಕಚೇರಿಯಲ್ಲಿ. ಶೆರಿಫ್ ಎಂದರೆ ಆ ಕೌಂಟಿಯ ಪೊಲೀಸ್ ಮುಖ್ಯಸ್ಥ, ತೆರಿಗೆ ವಸೂಲಿಯೂ ಅವನದೇ. ನೆರೆಯ ಟಲ್ಲಹಾಚಿ ಕೌಂಟಿಯಲ್ಲಿ ಕಪ್ಪು ಜನರಿಂದ ತಲೆಗಂದಾಯ ತೆಗೆದುಕೊಳ್ಳಲು ನಿರಾಕರಿಸಿದ ವಿಷಯ ಕೇಂದ್ರ ಸರ್ಕಾರದ ಮೊಕದ್ದಮೆಯವರೆಗೆ ಹೋಯಿತು.

ಇಷ್ಟು ಹಿನ್ನೆಲೆ ಹೇಳಿ ಮತ್ತೆ ಕತೆಗೆ ಬಂದೆ. 1962ರ ಆಗಸ್ಟ್ 31ರಂದು ಹೇಮರ್ ಸೇರಿ 18 ಜನ ಹಳೆಯ ಬಸ್ಸೊಂದರಲ್ಲಿ ಕೌಂಟಿ ಕೇಂದ್ರವಾದ ಇಂಡಿಯನೋಲಾಕ್ಕೆ ಹೋದರು. ಅರ್ಜಿಯಲ್ಲಿ ಹೆಸರು, ಮನೆ, ಕೆಲಸಕ್ಕಿಟ್ಟ ಧಣಿ ಯಾರು ಎಂದೆಲ್ಲ ಬರೆಯಬೇಕು. ಆಮೇಲೆ ರಾಜ್ಯ ಸಂವಿಧಾನದ ಒಂದು ವಿಧಿಯನ್ನು ನಕಲು ಮಾಡಿ ಅರ್ಥ ವಿವರಿಸಬೇಕು. ವಿವರಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ನೋಂದಣಿ ಗುಮಾಸ್ತನೊಬ್ಬನೇ. ಹೇಮರ್ ಅವರಿಗೆ ಬಂದದ್ದು ಕಾನೂನು ಓದಿದವರೂ ತಡವರಿಸುವಂಥ ವಿಧಿ. ಅನುತ್ತೀರ್ಣ. ಹಿಂದಿರುಗುವಾಗ ಪೊಲೀಸರು ಬಸ್ಸು ನಿಲ್ಲಿಸಿ, ಅದರ ಹಳದಿ ಬಣ್ಣ ಶಾಲಾ ಬಸ್ಸನ್ನು ಹೋಲುತ್ತದೆ ಎಂದು ಚಾಲಕನಿಗೆ 100 ಡಾಲರ್ ದಂಡ ಹಾಕಿದರು. ಕೊನೆಗೆ 30 ಡಾಲರಿಗೆ ಇಳಿಯಿತು, ಬಸ್ಸಿನಲ್ಲಿದ್ದವರೇ ವಂತಿಗೆ ಕೂಡಿಸಿ ಕೊಟ್ಟರು. ಭಯದಲ್ಲಿ ಕುಳಿತಿದ್ದವರ ನಡುವೆ ಹೇಮರ್ ಭಕ್ತಿಗೀತೆ ಎತ್ತಿದರು. ಅವರ ಕಂಠ ಊರಿಗೆ ಪರಿಚಯವಾದದ್ದು ಆ ಬಸ್ಸಿನಲ್ಲಿ.

ಅವರು ಮನೆ ಸೇರುವ ಮೊದಲೇ ಸುದ್ದಿ ಧಣಿಗೆ ಮುಟ್ಟಿತ್ತು. ಅರ್ಜಿ ಹಿಂತೆಗೆದುಕೊಳ್ಳಬೇಕು, ಇಲ್ಲವೇ ಜಮೀನು ಬಿಡಬೇಕು. 18 ವರ್ಷ ದುಡಿದ ಜಾಗವನ್ನು ಅದೇ ರಾತ್ರಿ ಬಿಟ್ಟರು. ಸುಗ್ಗಿ ಮುಗಿಯುವವರೆಗೆ ಗಂಡ ಅಲ್ಲೇ ಉಳಿಯಬೇಕಾಯಿತು. ಸೆಪ್ಟೆಂಬರ್ 10ರಂದು, ಅವರು ಆಶ್ರಯ ಪಡೆದಿದ್ದ ಮನೆಯ ಮೇಲೆ 16 ಗುಂಡು ಹಾರಿದವು. ಆ ರಾತ್ರಿ ಅವರು ಅಲ್ಲಿರಲಿಲ್ಲ.

ಡಿಸೆಂಬರ್ 4ರಂದು ಮತ್ತೆ ಇಂಡಿಯನೋಲಾಕ್ಕೆ ಹೋದರು. ಪಾಸಾಗುವವರೆಗೆ ತಿಂಗಳಿಗೊಮ್ಮೆ ಬರುತ್ತಲೇ ಇರುವುದಾಗಿ ಗುಮಾಸ್ತನಿಗೆ ತಿಳಿಸಿದರು. ಕೆಲಸ ಹೋಗಿತ್ತು, ಮನೆ ಹೋಗಿತ್ತು, ಕಸಿಯಲು ಇನ್ನೇನೂ ಉಳಿದಿರಲಿಲ್ಲ. ಈ ನಡುವೆ ಸಂವಿಧಾನದ ವಿಧಿಗಳನ್ನು ಕುಳಿತು ಓದಿದ್ದರು. 1963ರ ಜನವರಿ 10ರಂದು ಪಾಸಾದ ಸುದ್ದಿ ಬಂತು. ಅವರ ಹೆಸರು ಈಗ ಮತದಾರರ ಪಟ್ಟಿಯಲ್ಲಿ.

ಆ ವರ್ಷದ ಚುನಾವಣೆಯಲ್ಲಿ ಮತ ಹಾಕಲು ಹೋದರು. ಹಿಂದಕ್ಕೆ ಕಳಿಸಿದರು. ಎರಡು ವರ್ಷದ ತಲೆಗಂದಾಯದ ಎರಡು ರಸೀದಿ ಅವರಲ್ಲಿ ಇರಲಿಲ್ಲ. ಮತದ ಹಕ್ಕು ಇದೆಯೆಂದು ಒಂದು ವರ್ಷದ ಹಿಂದಷ್ಟೇ ತಿಳಿದವರ ಬಳಿ ಎರಡು ವರ್ಷದ ರಸೀದಿ ಎಲ್ಲಿಂದ ಬರಬೇಕು? ಪಾಠದ ಮೊದಲಿಗೆ ಪ್ರಶ್ನೆ ಕೇಳಿದ್ದ ಹುಡುಗ ಇಲ್ಲಿ ಸುಮ್ಮನಾದ. ಪರೀಕ್ಷೆಯನ್ನು ಓದಿ ಗೆಲ್ಲಬಹುದು, ಗುಂಡಿಗೆ ಅಂಜದಿರಬಹುದು, ಆದರೆ ಕಳೆದುಹೋದ ಫೆಬ್ರವರಿಗೆ ಹಿಂದಿರುಗಲು ಆಗದು.

ನಮ್ಮಲ್ಲೂ ಹೀಗಿತ್ತೇ ಎಂದು ಒಬ್ಬ ಹುಡುಗಿ ಕೇಳಿದಳು. ಬೇರೆ ರೀತಿಯಲ್ಲಿ ಇತ್ತು. 1881ರಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆ ಬಂದಾಗ, ಇಂತಿಷ್ಟು ಕಂದಾಯ ಕಟ್ಟುವವರಿಗೆ ಮತ ಎಂಬ ನಿಯಮವಿತ್ತು. 1935ರ ಭಾರತ ಸರ್ಕಾರ ಕಾಯ್ದೆಯಲ್ಲೂ ಆಸ್ತಿ, ತೆರಿಗೆ, ವಿದ್ಯೆಗಳೇ ಅಳತೆಗೋಲು. ನಮ್ಮ ಸಂವಿಧಾನದ 326ನೆಯ ವಿಧಿ ಇವನ್ನೆಲ್ಲ ಒಂದೇ ಬಾರಿಗೆ ತೆಗೆದುಹಾಕಿತು. ಓದು ಬಾರದವರಿಗಾಗಿ 1951-52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ ಇಟ್ಟು, ಮೇಲೆ ಚಿಹ್ನೆ ಅಂಟಿಸಿದ್ದರು. ಹೇಮರ್ ಅವರು ಇಂಡಿಯನೋಲಾದಲ್ಲಿ ವಿಧಿಯ ಅರ್ಥ ಬರೆಯಲು ಕುಳಿತದ್ದು ಅದಾಗಿ ಹತ್ತು ವರ್ಷದ ಮೇಲೆ. ಈ ಕಾಲಾನುಕ್ರಮವನ್ನು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರೆ ಮಕ್ಕಳಿಗೆ ಬೇಗ ಹಿಡಿಯುತ್ತದೆ.

ಹೇಮರ್ ಅವರ ಮುಂದಿನ ಕತೆಯಲ್ಲಿ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಹತ್ತಿರದ ಒಂದು ವಿಷಯವಿದೆ. ದಕ್ಷಿಣದ ರಾಜ್ಯಗಳಲ್ಲಿ ಆಗ ಪೌರತ್ವ ಶಾಲೆಗಳು ಎಂಬವು ನಡೆಯುತ್ತಿದ್ದವು. ವಯಸ್ಕರಿಗೆ ಅಕ್ಷರ ಕಲಿಸಿ, ಮತದಾರರ ಅರ್ಜಿ ತುಂಬಲು ಸಿದ್ಧಗೊಳಿಸುವ ರಾತ್ರಿ ಶಾಲೆಗಳವು. ಅವುಗಳ ಹಿಂದೆ ಸೆಪ್ಟಿಮಾ ಕ್ಲಾರ್ಕ್ ಎಂಬ ಶಾಲಾ ಶಿಕ್ಷಕಿಯ ಶ್ರಮ ದೊಡ್ಡದು. ಆ ಶಾಲೆಗಳಲ್ಲಿ ಕಲಿಸಲು ಹೇಮರ್ ತರಬೇತಿ ಪಡೆದರು. 1963ರ ಜೂನ್ 9ರಂದು ಅಂಥದೇ ತರಬೇತಿ ಮುಗಿಸಿ ಮರಳುವಾಗ ವಿನೋನಾ ಊರಿನ ಬಸ್ ನಿಲ್ದಾಣದಲ್ಲಿ ಪೊಲೀಸರು ಅವರ ತಂಡವನ್ನು ಹಿಡಿದರು. ಜೈಲಿನಲ್ಲಿ ಇಬ್ಬರು ಕಪ್ಪು ಕೈದಿಗಳ ಕೈಯಿಂದಲೇ ಅವರನ್ನು ಹೊಡೆಸಿದರು. ಮೂತ್ರಪಿಂಡಕ್ಕೂ ಕಣ್ಣಿಗೂ ಆದ ಪೆಟ್ಟು ಸಾಯುವವರೆಗೆ ಉಳಿಯಿತು. ಮೂರು ದಿನದ ನಂತರ ಚಳವಳಿಯ ಮುಖಂಡರಾದ ಆಂಡ್ರ್ಯೂ ಯಂಗ್ ಮತ್ತು ಜೇಮ್ಸ್ ಬೆವೆಲ್ ಬಂದು ಬಿಡಿಸಿಕೊಂಡು ಹೋದರು. ಹೊಡೆಸಿದ ಅಧಿಕಾರಿಗಳನ್ನು ಬಿಳಿಯರಷ್ಟೇ ಇದ್ದ ಜ್ಯೂರಿ ನಿರಪರಾಧಿಗಳೆಂದು ಬಿಟ್ಟುಬಿಟ್ಟಿತು.

1964ರ ಜನವರಿಯಲ್ಲಿ ಅಮೆರಿಕದ ಸಂವಿಧಾನಕ್ಕೆ 24ನೆಯ ತಿದ್ದುಪಡಿ ಸೇರಿತು. ತಲೆಗಂದಾಯ ಕಟ್ಟಿಲ್ಲವೆಂದು ಮತ ನಿರಾಕರಿಸಬಾರದು ಎಂಬ ನಿಯಮ ಬಂತು, ಆದರೆ ಅದು ಅಧ್ಯಕ್ಷ, ಉಪಾಧ್ಯಕ್ಷ ಮತ್ತು ಕಾಂಗ್ರೆಸ್ ಸದಸ್ಯರ ಚುನಾವಣೆಗಳಿಗೆ ಮಾತ್ರ. ಶೆರಿಫ್ ಯಾರು, ನೋಂದಣಿ ಗುಮಾಸ್ತ ಯಾರು ಎಂದು ನಿರ್ಧರಿಸುವ ಸ್ಥಳೀಯ ಚುನಾವಣೆಗೆ ರಸೀದಿ ಬೇಕೇ ಬೇಕಿತ್ತು. ದಿನನಿತ್ಯ ಬಡವರ ಎದುರು ನಿಲ್ಲುವವರು ಇವರೇ ಎಂಬುದನ್ನು ಮಕ್ಕಳ ಗಮನಕ್ಕೆ ತರಬೇಕು. ಅದೇ ವರ್ಷ ಹೇಮರ್ ಕಾಂಗ್ರೆಸ್ ಸ್ಥಾನಕ್ಕೆ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸಿ ಸೋತರು. ಅವರ ಜೀವನದ ಮೊದಲ ಮತವನ್ನು ತಮಗೇ ಹಾಕಿಕೊಂಡರು. ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯ ಎದುರು, ಮಿಸಿಸಿಪ್ಪಿಯ ನಿಜವಾದ ಪ್ರತಿನಿಧಿಗಳು ಯಾರು ಎಂಬ ವಿಚಾರಣೆಯಲ್ಲಿ, ಇಂಡಿಯನೋಲಾದಿಂದ ವಿನೋನಾವರೆಗಿನ ಕತೆಯನ್ನು ಕಾಗದವಿಲ್ಲದೆ ಹೇಳಿದರು. ನೇರ ಪ್ರಸಾರದ ನಡುವೆ ಅಧ್ಯಕ್ಷ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ತಮ್ಮತ್ತ ಎಳೆದುಕೊಂಡರು. ಟಿ.ವಿ.ಯವರು ಸಂಜೆ ಹೇಮರ್ ಅವರ ಮಾತನ್ನೇ ಮತ್ತೆ ತೋರಿಸಿದರು, ನೋಡಿದವರ ಸಂಖ್ಯೆ ಇನ್ನೂ ಹೆಚ್ಚಾಯಿತು. ಪಕ್ಷ ರಾಜಿಗೆಂದು ಕೊಡಲು ಬಂದ ಎರಡು ಸ್ಥಾನಗಳನ್ನು ಅವರ ತಂಡ ಒಪ್ಪಲಿಲ್ಲ.

ಆಮೇಲೆ ಬೇಲಿ ಬೇಗಬೇಗ ಮುರಿಯಿತು. 1965ರ ಆಗಸ್ಟ್‌ನಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. 1966ರ ಮಾರ್ಚ್ 24ರಂದು ವರ್ಜೀನಿಯಾ ರಾಜ್ಯದ ಒಂದೂವರೆ ಡಾಲರ್ ತಲೆಗಂದಾಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಯಾವ ಚುನಾವಣೆಯಲ್ಲೂ ಮತಕ್ಕೆ ಹಣದ ಷರತ್ತು ಸಲ್ಲದೆಂದು ತೀರ್ಪು ಕೊಟ್ಟಿತು. 1937ರ ತನ್ನ ತೀರ್ಪನ್ನು ತಾನೇ ಕೈಬಿಟ್ಟಿತು. ಮುಂದಿನ ತಿಂಗಳು ಮಿಸಿಸಿಪ್ಪಿಯದೂ ಬಿತ್ತು. ಕಾಯ್ದೆಗೆ ಮೊದಲು ಮಿಸಿಸಿಪ್ಪಿಯ ಕಪ್ಪು ವಯಸ್ಕರಲ್ಲಿ 100ಕ್ಕೆ 7 ಜನರ ಹೆಸರೂ ಪಟ್ಟಿಯಲ್ಲಿರಲಿಲ್ಲ, 1967ಕ್ಕೆ ಅದು 60ರ ಹತ್ತಿರ ಬಂತು.

ಹೇಮರ್ ಅವರಿಗೆ ಮತ ಸಿಕ್ಕಿದರೆ ಸಾಲದು, ಹೊಟ್ಟೆಗೂ ಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಮತ ಹಾಕಿದ್ದಕ್ಕೆ ಕೆಲಸ ಕಳೆದುಕೊಂಡವರ ಮನೆಗಳನ್ನು ಕಂಡಿದ್ದರು, ತಮ್ಮ ಮನೆಯೇ ಅಂಥದ್ದು. 1969ರಲ್ಲಿ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಕೃಷಿ ಕ್ಷೇತ್ರ ಕಟ್ಟಿ, ಮೊದಲು 40 ಎಕರೆ ಕೊಂಡು, ಆಮೇಲೆ ನೂರಾರು ಎಕರೆಗೆ ಬೆಳೆಸಿದರು. ಧಣಿಯ ಹಂಗಿಲ್ಲದೆ ತರಕಾರಿ, ಕಾಳು ಬೆಳೆದುಕೊಳ್ಳುವುದು ಉದ್ದೇಶ. ಬಡ ಕುಟುಂಬಗಳಿಗೆ ಸಾಕಲು ಹಂದಿ ಕೊಟ್ಟು, ಮರಿ ಹಾಕಿದ ಮೇಲೆ ಒಂದೆರಡನ್ನು ಬೇರೆ ಮನೆಗಳಿಗಾಗಿ ಮರಳಿ ಪಡೆಯುವ ಏರ್ಪಾಟೂ ಇತ್ತು. ಮಕ್ಕಳಿಗೆ ಇದು ತುಂಬ ಹಿಡಿಸಿತು, ನಮ್ಮಲ್ಲಿ ಕುರಿ ಪಾಲಿಗೆ ಕೊಟ್ಟಂತೆ ಎಂದರು. ಆದರೆ ಸಾಲ, ಹವಾಮಾನ, ಹೇಮರ್ ಅವರ ಅನಾರೋಗ್ಯ ಸೇರಿ 1970ರ ದಶಕದ ನಡುವಿಗೆ ಕ್ಷೇತ್ರ ಕೈತಪ್ಪಿತು. 1971ರಲ್ಲಿ ರಾಜ್ಯದ ಸೆನೆಟ್‌ಗೆ ನಿಂತು ಸೋತರು. ಕ್ಯಾನ್ಸರ್ ಬಂತು.

1977ರ ಮಾರ್ಚ್ 14ರಂದು ಮೌಂಡ್ ಬಾಯು ಎಂಬ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 59 ವರ್ಷ, ಕೈಯಲ್ಲಿ ಹಣವಿರಲಿಲ್ಲ. ರೂಲ್‌ವಿಲ್‌ನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಮಾತಾಡಲು ಬಂದವರು, ಹದಿನಾಲ್ಕು ವರ್ಷದ ಹಿಂದೆ ವಿನೋನಾ ಜೈಲಿನಿಂದ ಅವರನ್ನು ಬಿಡಿಸಿಕೊಂಡು ಬಂದಿದ್ದ ಆಂಡ್ರ್ಯೂ ಯಂಗ್. ಅಷ್ಟು ಹೊತ್ತಿಗೆ ಅವರು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು.